ಹೇಳಿ ಮಾಡಿಸಿದ್ದು

ಗಂಡು ಹೆಣ್ಣಿನ ಜೋಡಿ ಚೆನ್ನಾಗಿ ಕೂಡಿಬಂದರೆ 'ಹೇಳಿ ಮಾಡಿಸಿದ ಹಾಗಿದೆ' ಎಂದು ಜನ ಮೆಚ್ಚುತ್ತಾರೆ. ಒಂದು ಕೆಲಸಕ್ಕೆ ತಕ್ಕ ಮನುಷ್ಯ ಸಿಕ್ಕರೂ ಅದೇ ಮಾತು. ಹಳೆಯ ಬೀಗಕ್ಕೆ ಎಲ್ಲಿಂದಲೋ ತಂದ ಕೀಲಿಕೈ ಸಲೀಸಾಗಿ ತಿರುಗಿದರೂ ಅದೇ ಮಾತು. ಅಂಗಡಿಯಲ್ಲಿ ಸಿದ್ಧವಾಗಿ ದೊರೆತ ವಸ್ತುವನ್ನು ಹೊಗಳಬೇಕಾದಾಗಲೂ ಕನ್ನಡಿಗರ ನಾಲಗೆಗೆ ಬರುವುದು ಈ ಹೋಲಿಕೆಯೇ. ಚೆನ್ನಾಗಿ ಒಪ್ಪುವ ವಸ್ತುವೆಂದರೆ ಹೇಳಿ ಮಾಡಿಸಿದ ವಸ್ತು ಎಂಬ ನಂಬಿಕೆ ಈ ನುಡಿಯನ್ನಾಡುವ ಜನರಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಿಚಿತ್ರವೆಂದರೆ, ಮಾತು ಉಳಿದಿದೆ. ಹೇಳಿ ಮಾಡಿಸುವ ರೂಢಿ ಮಾತ್ರ ಕರಗುತ್ತ ಬಂದಿದೆ. ಇಂದು ಹೊಸದಾಗಿ ಕಟ್ಟಿದ ಮನೆಯೊಂದರ ನಡುವೆ ನಿಂತು, ಇಲ್ಲಿರುವುದರಲ್ಲಿ ಈ ಮನೆಗೆಂದೇ, ಈ ಮನೆಯ ಜನಕ್ಕೆಂದೇ ಹೇಳಿ ಮಾಡಿಸಿದ್ದು ಯಾವುದು ಎಂದು ಕೇಳಿದರೆ ಯಜಮಾನ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ.

ಈ ರೂಢಿಯ ಜೊತೆಗೆ ಇನ್ನೇನು ಕರಗಿಹೋಗುತ್ತದೆ ಎಂಬುದನ್ನು ತಿಳಿಯಲು ಕಿನ್ನಾಳದಂಥ ಊರು ಮತ್ತೊಂದಿಲ್ಲ. ಕಿನ್ನಾಳವಿರುವುದು ಕೊಪ್ಪಳಕ್ಕೆ ಹತ್ತಿರದಲ್ಲಿ. ೧೯೯೭ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ರಾಯಚೂರು ಜಿಲ್ಲೆಗೆ ಸೇರಿತ್ತು. ಎರೆಹೊಲ, ಬಿಸಿಲು, ಕಲ್ಲುಗುಡ್ಡಗಳ ಈ ಸೀಮೆಯಲ್ಲಿ ದಟ್ಟವಾದ ಕಾಡಿಲ್ಲ. ಹೀಗಿದ್ದರೂ ಮರದ ಕೆಲಸದಲ್ಲಿ ಈ ಊರು ಹೆಸರು ಮಾಡಿತು. ಇಲ್ಲಿನ ಕುಶಲಕರ್ಮಿಗಳನ್ನು ಚಿತ್ರಗಾರರೆಂದು ಕರೆಯುತ್ತಾರೆ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಕಾಣುವ ವರ್ಣಚಿತ್ರಗಳನ್ನು ಬರೆದವರು, ಅಲ್ಲಿಯ ಮರದ ತೇರಿನ ಕೆತ್ತನೆಯನ್ನು ಮಾಡಿದವರು ಇವರ ಪೂರ್ವಿಕರೇ ಎಂಬ ಪ್ರತೀತಿ ಇದೆ. ಅದು ಪ್ರತೀತಿಯೇ ಇರಲಿ. ಕಿನ್ನಾಳದ ಒಂದು ಗೊಂಬೆಯ ಕಣ್ಣನ್ನು ಹತ್ತಿರದಿಂದ ನೋಡಿದವರಿಗೆ ಅದನ್ನು ನಂಬುವುದು ಕಷ್ಟವಾಗುವುದಿಲ್ಲ.

ಚನ್ನಪಟ್ಟಣದ ಆಟಿಕೆಯನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಮರದ ತುಂಡು ತಿರುಗಣೆಯ ಮೇಲೆ ಗಿರ್ರನೆ ತಿರುಗುತ್ತದೆ; ಉಳಿ ತಾಗಿದಂತೆ ಗುಂಡಗಾಗುತ್ತದೆ; ಅರಗಿನ ಬಣ್ಣವೂ ತಿರುಗುತ್ತಿರುವಾಗಲೇ ಅಂಟುತ್ತದೆ. ಕಿನ್ನಾಳದ ಕೆಲಸ ಬೇರೆ ಬಗೆಯದು. ಇಲ್ಲಿ ತಿರುಗಣೆ ಇಲ್ಲ. ಹಗುರವಾದ ಮೆದು ಮರವನ್ನು ಆರಿಸಿ, ಒಂದೊಂದು ಅಂಗವನ್ನೂ ಬೇರೆ ಬೇರೆಯಾಗಿ ಕೆತ್ತಿ, ಆಮೇಲೆ ಜೋಡಿಸುತ್ತಾರೆ. ಗರುಡನ ಒಂದು ಮೂರ್ತಿಗೆ ಹನ್ನೆರಡು ಬಿಡಿಭಾಗಗಳು. ಸಿಂಹಾಸನದ ಮೇಲೆ ಕುಳಿತ ಗಣಪತಿಗೆ ಇಪ್ಪತ್ತೆರಡು. ಜೋಡಿಸುವುದಕ್ಕೆ ಬಳಸುವುದು ಹುಣಸೆಬೀಜದಿಂದ ಮಾಡಿದ ಅಂಟು. ಹಳೆಯ ಗೋಣಿಚೀಲವನ್ನು ನೆನೆಯಿಟ್ಟು, ಚೂರು ಚೂರಾಗಿ ಕತ್ತರಿಸಿ, ಒಣಗಿಸಿ ಪುಡಿಮಾಡಿ, ಅದಕ್ಕೆ ಮರದ ಹೊಟ್ಟನ್ನೂ ಹುಣಸೆಬೀಜದ ಅಂಟನ್ನೂ ಬೆರೆಸಿ ಅರೆದರೆ 'ಕಿಟ್ಟ' ಎಂಬ ಲೇಪ ಸಿದ್ಧವಾಗುತ್ತದೆ. ಜೋಡಿಸಿದ ಮೂರ್ತಿಗೆಲ್ಲ ಕೈಯಿಂದ ಈ ಕಿಟ್ಟವನ್ನು ಮೆತ್ತಬೇಕು. ಅದರ ಮೇಲೆ ಹತ್ತಿಯ ಬಟ್ಟೆಯ ಚಿಕ್ಕ ಚಿಕ್ಕ ತುಣುಕುಗಳನ್ನು ಅಂಟಿಸಬೇಕು. ಅದು ಆರಿದ ಮೇಲೆ ಬೆಣಚುಕಲ್ಲಿನ ನುಣುಪಾದ ಪುಡಿಯ ಲೇಪ. ಕೊರಳ ಸರ, ತೋಳಬಂದಿ, ಕಿರೀಟದ ಮಣಿ ಮೊದಲಾದ ಆಭರಣಗಳನ್ನು ಇದೇ ಕಲ್ಲುಪುಡಿಗೆ ಗೋಂದು ಬೆರೆಸಿ ಉಬ್ಬುಬ್ಬಾಗಿ ಎಳೆಯುತ್ತಾರೆ. ಬಣ್ಣದ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಪ್ರತಿಯೊಂದು ಪದರವೂ ತನ್ನಷ್ಟಕ್ಕೆ ಒಣಗಬೇಕು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಗೋಣಿಯ ಚಿಂದಿ, ಹುಣಸೆಯ ಬೀಜ, ಮರದ ಹೊಟ್ಟು, ಬೀದಿಯ ಕಲ್ಲು—ಹೀಗೆ ಲೋಕವೆಲ್ಲ ಎಸೆಯುವ ವಸ್ತುಗಳೇ ಇಲ್ಲಿ ದೇವರ ಮೈಯಾಗುತ್ತವೆ.

ಈಗ ಕಿನ್ನಾಳದ ಹೆಸರು ಹೇಳಿದೊಡನೆ ಜನರಿಗೆ ನೆನಪಾಗುವುದು ಗಾಜಿನ ಕಪಾಟಿನಲ್ಲಿಡುವ ಗೊಂಬೆಗಳು. ಆದರೆ ಈ ಕಲೆ ಗಾಜಿನ ಕಪಾಟಿಗಾಗಿ ಹುಟ್ಟಿದ್ದಲ್ಲ. ತೇರು, ಪಲ್ಲಕ್ಕಿ, ದೇವರ ಮಂಟಪ, ಉತ್ಸವಮೂರ್ತಿಗಳನ್ನು ಹೊರುವ ಗರುಡ ನಂದಿ ಮೊದಲಾದ ವಾಹನಗಳು, ಮಗುವಿನ ತೊಟ್ಟಿಲು, ಮದುವೆಯ ಮಣೆ, ಗ್ರಾಮದೇವತೆಯ ಮೂರ್ತಿ—ಇಂಥವುಗಳನ್ನು ಮಾಡಿಕೊಡುವ ಕೈಗಳಿಂದ ಅದು ಬೆಳೆಯಿತು. ಇವುಗಳಲ್ಲಿ ಒಂದಾದರೂ, ಮೊದಲೇ ಮಾಡಿಟ್ಟು ಗಿರಾಕಿಗಾಗಿ ಕಾಯುವಂಥ ವಸ್ತುವಲ್ಲ. ಪಲ್ಲಕ್ಕಿಯ ಅಳತೆಯನ್ನು ಗುಡಿಯ ಬಾಗಿಲು ನಿರ್ಧರಿಸುತ್ತದೆ. ತೇರಿನ ಎತ್ತರಕ್ಕೂ ಊರಿನ ಬೀದಿಯ ಅಗಲಕ್ಕೂ ಸಂಬಂಧವಿದೆ. ಯಾರೋ ಬಂದು ಕೇಳಬೇಕು, ಇಂಥದ್ದು ಬೇಕು ಎನ್ನಬೇಕು. ಮಾಡುವವನು ಅದನ್ನು ಕೇಳಿಸಿಕೊಳ್ಳಬೇಕು, ಇದು ಆಗುತ್ತದೆ, ಇದು ಆಗದು ಎನ್ನಬೇಕು. ಕೆಲಸ ಪ್ರಾರಂಭವಾಗುವುದು ಉಳಿಯಿಂದಲ್ಲ, ಈ ಮಾತುಕತೆಯಿಂದ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳಿರುತ್ತವೆ. ಹಲವು ವರ್ಷಗಳಿಗೊಮ್ಮೆ ದೊಡ್ಡ ಜಾತ್ರೆ ನೆರೆಯುವ ಮುನ್ನ ಊರಿನ ಹಿರಿಯರು ತಮ್ಮ ದೇವತೆಯನ್ನು ಚಿತ್ರಗಾರನಿಗೆ ಒಪ್ಪಿಸುತ್ತಾರೆ. ಸವೆದ ಬಣ್ಣ ಹೋಗಿ ಹೊಸ ಬಣ್ಣ ಬರಬೇಕು. ಮುಕ್ಕಾದ ಬೆರಳು ತಿರುಗಿ ಮೂಡಬೇಕು. ಅಂಥ ಹೊತ್ತಿನಲ್ಲಿ ಗಿರಾಕಿಯೆಂದರೆ ಒಬ್ಬ ಮನುಷ್ಯನಲ್ಲ, ಇಡೀ ಊರು. ಮುಖದ ಬಣ್ಣ ಹಳದಿಯೋ ಕೆಂಪೋ, ಕಣ್ಣು ಎಷ್ಟು ಅಗಲ, ಹಿಂದಿನ ಸಲ ಹೇಗಿತ್ತು—ಎಲ್ಲದರ ಬಗೆಗೂ ಎಲ್ಲರಿಗೂ ಅಭಿಪ್ರಾಯವಿರುತ್ತದೆ! ಚಿತ್ರಗಾರನಾದವನು ಇಷ್ಟು ಜನರ ನೆನಪಿಗೆ ಒಪ್ಪುವಂತೆ ಕುಂಚವನ್ನು ಆಡಿಸಬೇಕು. ಯಾವ ಪ್ರದರ್ಶನದ ತೀರ್ಪುಗಾರನೂ ಇದಕ್ಕಿಂತ ಕಠಿಣನಾಗಿರಲಾರ.

ಮನೆಯ ಮಾತೂ ಹೀಗೆಯೇ ಇತ್ತು. ಈ ಸೀಮೆಯ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಹೇಳುವುದು ವಾಡಿಕೆ: ಮೂರಂಕಣದ ಮನೆ, ಐದಂಕಣದ ಮನೆ. ಕಂಬದಿಂದ ಕಂಬಕ್ಕೆ ಇರುವ ತೆರಪೇ ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಅದರ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ, ಎಲ್ಲದರ ಮೇಲೆ ಮಣ್ಣಿನ ಮೇಲ್ಮುದ್ದೆ; ನಡುವೆ ಬೆಳಕಿಂಡಿ. ಬೇಸಗೆಯ ಉರಿಬಿಸಿಲಿನಲ್ಲೂ ಒಳಗೆ ತಂಪು. ಇದನ್ನು ಕಟ್ಟಿದವನು ಚಿತ್ರಗಾರನಲ್ಲ, ಊರಿನ ಬಡಿಗ. ಎಷ್ಟು ದನ, ಎಷ್ಟು ಜನ, ಕಾಳುಕಡಿ ಎಲ್ಲಿ ತುಂಬಬೇಕು ಎಂಬುದನ್ನು ಕೇಳಿಕೊಂಡೇ ಅವನು ಮರಕ್ಕೆ ಬಾಚಿ ಹಾಕುತ್ತಿದ್ದ. ಜಂತಿಗಳಿಗೆ ಬೇವು, ಜಾಲಿಯಂತಹ ಊರ ಮರಗಳೇ ಸಾಕಾಗುತ್ತಿದ್ದವು. ಆದರೆ ತಲೆಬಾಗಿಲು ಬಂದಾಗ ಮಾತ್ರ ಅನುಕೂಲವಿದ್ದವರು ಕೈ ಹಿಡಿಯುತ್ತಿರಲಿಲ್ಲ. ಸಾಗವಾನಿಯ ಬಾಗಿಲವಾಡ, ಅದರ ನೆತ್ತಿಯ ಮೇಲೆ ಗಜಲಕ್ಷ್ಮಿಯೋ ಗಣಪತಿಯೋ, ಎರಡೂ ಕಡೆ ಹೂಬಳ್ಳಿ, ಬಳ್ಳಿಯಲ್ಲಿ ಗಿಳಿ. ಮನೆಯೆಲ್ಲ ಸಾದಾ ಇದ್ದರೂ ಈ ಒಂದು ಬಾಗಿಲಿನಲ್ಲಿ ಮನೆಯವರ ಅಭಿಮಾನವೂ ಮಾಡಿದವನ ಅಭಿಮಾನವೂ ಕೂಡಿ ನಿಲ್ಲುತ್ತಿದ್ದವು. ಹಳೆಯ ಮನೆಯನ್ನು ಕೆಡವಿದಾಗ ಎಲ್ಲವನ್ನೂ ಬಿಟ್ಟು ಆ ಬಾಗಿಲನ್ನು ಮಾತ್ರ ಜೋಪಾನವಾಗಿ ತೆಗೆದಿಡುವವರು ಈಗಲೂ ಇದ್ದಾರೆ. ಅದನ್ನು ಒಳ್ಳೆಯ ಬೆಲೆಗೆ ಕೊಂಡು ದೂರದ ನಗರಗಳ ಹೋಟೆಲುಗಳಿಗೆ ಸಾಗಿಸುವವರೂ ಇದ್ದಾರೆ.

ಕಾಲ ಬದಲಾಯಿತು. ಮಣ್ಣಿನ ಮೇಲ್ಮುದ್ದೆ ಹೋಗಿ ಕಾಂಕ್ರೀಟಿನ ತಾರಸಿ ಬಂತು. ಜಂತಿ ತೊಲೆಗಳ ಕೆಲಸ ನಿಂತಿತು. ಬಾಗಿಲು ಕಾರ್ಖಾನೆಯಿಂದಲೇ ಬಣ್ಣ ಬಳಿದುಕೊಂಡು ಬರತೊಡಗಿತು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಮಣ್ಣು ಹಾಕಿದವರಿಗೆ, ಸೋರುವ ಸೂರಿನ ಕೆಳಗೆ ಪಾತ್ರೆಯಿಟ್ಟು ರಾತ್ರಿ ಕಳೆದವರಿಗೆ ತಾರಸಿಯ ಬೆಲೆ ಗೊತ್ತು. ಹಳೆಯದೆಲ್ಲ ಹೊನ್ನು ಎಂದು ಹಾಡುವವರು ಸಾಮಾನ್ಯವಾಗಿ ಸೋರದ ಮನೆಯಲ್ಲಿ ಕುಳಿತವರು.

ಕೈಕಸಬುಗಳ ಅವನತಿಯ ಮಾತು ಬಂದಾಗಲೆಲ್ಲ 'ಯಂತ್ರ ಬಂದು ಕೈಕೆಲಸವನ್ನು ಕೊಂದಿತು' ಎಂದು ಹೇಳಿ ಮುಗಿಸುವುದು ಒಂದು ಪದ್ಧತಿಯಾಗಿದೆ. ಇದು ಅರ್ಧ ಸತ್ಯ. ಕಾರ್ಖಾನೆಯ ಬಾಗಿಲು ಎಷ್ಟು ಅಗ್ಗವಾದರೂ ಗಿಳಿಯ ಕೊಕ್ಕನ್ನು ಕಿನ್ನಾಳದ ಕೈ ಬಿಡಿಸಿದ ಹಾಗೆ ಅದು ಬಿಡಿಸಲಾರದು. ಅಲ್ಲಿ ಸ್ಪರ್ಧೆಯೇ ಇಲ್ಲ. ನಿಜವಾಗಿ ನಡೆದದ್ದು ಮತ್ತೊಂದು: ಗಿಳಿ ಬೇಕೆಂದು ಕೇಳುವವನು ಇಲ್ಲವಾದ. ಕೇಳುವವನು ಇಲ್ಲವಾದಾಗ ಬಾಗಿಲು ಕೆತ್ತುತ್ತಿದ್ದ ಕೈ ಗೊಂಬೆಗೆ ಇಳಿಯಿತು. ದೊಡ್ಡ ಗೊಂಬೆಯನ್ನು ಕೊಳ್ಳುವವರು ಕಡಿಮೆಯಾದಾಗ ಚಿಕ್ಕ ಗೊಂಬೆಗೆ ಇಳಿಯಿತು. ಒಂದು ಕಾಲದಲ್ಲಿ ನಾನಾ ಕಸುಬಿನ ಜನರ ಗೊಂಬೆಗಳು ಇಲ್ಲಿ ಜನಪ್ರಿಯವಾಗಿದ್ದವು. ಈಗ ಬೇಡಿಕೆ ಇರುವುದು ದೇವರು, ಪ್ರಾಣಿ, ಪಕ್ಷಿಗಳಿಗೆ. ಕಸುಬಿನವರು ಲೋಕದಿಂದ ಮರೆಯಾಗುವ ಮುನ್ನವೇ ಗೊಂಬೆಗಳ ಸಾಲಿನಿಂದ ಮರೆಯಾದದ್ದು ಗಮನಿಸತಕ್ಕ ಸಂಗತಿ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ೧೯೯೯ರಲ್ಲಿ ಸಂಸತ್ತು ಅಂಗೀಕರಿಸಿ, ೨೦೦೩ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಬೇರೆಲ್ಲೋ ಮಾಡಿದ ಗೊಂಬೆಯನ್ನು ಕಿನ್ನಾಳದ್ದೆಂದು ಹೇಳಿ ಮಾರುವುದು ಅಪರಾಧ. ಇದು ಬೇಕಾದ ರಕ್ಷಣೆಯೇ. ಆದರೆ ಹೆಸರಿಗೆ ಕಾವಲು ಹಾಕಿದ ಮಾತ್ರಕ್ಕೆ ಕೈಗೆ ಕೆಲಸ ಬರುವುದಿಲ್ಲ. ಪ್ರಶಸ್ತಿಗಳ ವಿಷಯವೂ ಇಷ್ಟೇ. ಸನ್ಮಾನದ ಶಾಲು ಒಬ್ಬ ಹಿರಿಯ ಕಲಾವಿದನ ಹೆಗಲನ್ನು ಒಂದು ಸಂಜೆ ಬೆಚ್ಚಗಿಡುತ್ತದೆ; ಅವನ ಮಗ ಉಳಿ ಹಿಡಿಯಬೇಕೋ ಬೇಡವೋ ಎಂಬುದನ್ನು ಮರುದಿನ ಬೆಳಿಗ್ಗೆ ಬಾಗಿಲಿಗೆ ಬರುವ ಗಿರಾಕಿ ತೀರ್ಮಾನಿಸುತ್ತಾನೆ.

ಕಸುಬನ್ನು ಹೇಗೆ ಉಳಿಸಬೇಕೆಂಬುದಕ್ಕೆ ಜಪಾನಿನ ಇಸೆ ಎಂಬಲ್ಲಿ ಒಂದು ದೃಷ್ಟಾಂತವಿದೆ. ಅಲ್ಲಿಯ ಪ್ರಾಚೀನ ದೇವಾಲಯ ಪೂರ್ತಿ ಮರದ್ದು. ಮರದ ಕಟ್ಟಡ ಕಲ್ಲಿನಷ್ಟು ಬಾಳುವುದಿಲ್ಲ. ಜಪಾನೀಯರು ಇದಕ್ಕೆ ಕಂಡುಕೊಂಡ ಉಪಾಯ ಸೋಜಿಗದ್ದು. ದೇವಾಲಯಕ್ಕೆ ಅಕ್ಕಪಕ್ಕದಲ್ಲಿ ಎರಡು ನಿವೇಶನಗಳಿವೆ. ಇಪ್ಪತ್ತು ವರ್ಷಕ್ಕೊಮ್ಮೆ ಖಾಲಿಯಿರುವ ನಿವೇಶನದಲ್ಲಿ ಅದೇ ಅಳತೆಯ, ಅದೇ ಬಗೆಯ ಹೊಸ ದೇವಾಲಯವನ್ನು ಕಟ್ಟಿ, ಹಳೆಯದನ್ನು ಬಿಚ್ಚಿಬಿಡುತ್ತಾರೆ. ಏಳನೆಯ ಶತಮಾನದ ಕೊನೆಯಲ್ಲಿ ಪ್ರಾರಂಭವಾದ ಈ ಸಂಪ್ರದಾಯ, ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಿಂತು, ಮತ್ತೆ ಮುಂದುವರಿಯಿತು. ೨೦೧೩ರಲ್ಲಿ ನಡೆದದ್ದು ಅರವತ್ತೆರಡನೆಯ ಪುನರ್ನಿರ್ಮಾಣ. ಇಪ್ಪತ್ತು ವರ್ಷವೆಂಬ ಅವಧಿಯಲ್ಲೇ ಗುಟ್ಟಿದೆ. ಮೊದಲ ಸಲ ಕೈಯಾಳಾಗಿ ಮರ ಹೊತ್ತ ಹುಡುಗ ಎರಡನೆಯ ಸಲ ಪಳಗಿದ ಕೆಲಸಗಾರನಾಗಿರುತ್ತಾನೆ. ಮೂರನೆಯ ಸಲಕ್ಕೆ ಮುದುಕನಾಗಿ ಬೇರೆಯವರಿಗೆ ಕಲಿಸುತ್ತಾನೆ. ಅಲ್ಲಿ ಕಾಪಾಡಿದ್ದು ಕಟ್ಟಡವನ್ನಲ್ಲ, ಕಟ್ಟುವ ಅರಿವನ್ನು. ದ್ಯಾಮವ್ವನಿಗೆ ವರ್ಷಾಂತರದಲ್ಲಿ ಹೊಸ ಬಣ್ಣ ಹಾಕಿಸುವ ಹಳ್ಳಿಗರು ಇಸೆಯ ಹೆಸರನ್ನು ಕೇಳಿರಲಾರರು. ಆದರೂ ಅವರು ಮಾಡುತ್ತ ಬಂದಿರುವುದು ಇದನ್ನೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕೈಯಿಂದ ಮಾಡಿಸಿದ್ದು ದುಬಾರಿ, ಬಡವನಿಗೆ ಎಟುಕುವುದಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಎಂಬ ಕವಿ, ಕಾರ್ಖಾನೆಯ ಕಳಪೆ ಸಾಮಾನುಗಳಿಂದ ಬೇಸತ್ತು, ೧೮೬೧ರಲ್ಲಿ ಗೆಳೆಯರೊಡನೆ ಸೇರಿ ಕೈಕೆಲಸದ ಪೀಠೋಪಕರಣ, ಬಟ್ಟೆ, ಗೋಡೆಕಾಗದಗಳನ್ನು ತಯಾರಿಸುವ ಸಂಸ್ಥೆಯನ್ನು ಸ್ಥಾಪಿಸಿದನು. ಎಲ್ಲರ ಮನೆಯೂ ಚೆಲುವಾಗಿರಬೇಕೆಂಬುದು ಅವನ ಹಂಬಲ. ಕೊನೆಗೆ ಅವನ ಸಾಮಾನುಗಳನ್ನು ಹೆಚ್ಚಾಗಿ ಕೊಂಡವರು ಶ್ರೀಮಂತರು. ಇದು ಅವನನ್ನು ಬಾಧಿಸದೆ ಬಿಡಲಿಲ್ಲ.

ಆದರೆ ಕನ್ನಡನಾಡಿನ ಹಳೆಯ ಮನೆಗಳು ಈ ತೊಡಕಿಗೆ ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡಿದ್ದವು. ಎಲ್ಲವನ್ನೂ ಕೆತ್ತಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಬಾಗಿಲೊಂದು, ಇಲ್ಲವೆ ತೊಟ್ಟಿಲೊಂದು. ತೊಟ್ಟಿಲ ವಿಷಯ ಇನ್ನೂ ಸ್ವಾರಸ್ಯವಾದದ್ದು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಹೆಸರುವಾಸಿ. ಸಾಗವಾನಿಯ ಹಲಗೆಯ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಸನ್ನಿವೇಶಗಳನ್ನು ಅಲ್ಲಿಯ ಚಿತ್ರಗಾರರು ಬರೆಯುತ್ತಾರೆ. ಅಂಥ ತೊಟ್ಟಿಲು ಒಂದು ಮನೆಗೆ ಬಂದರೆ ಅದು ಆ ಮನೆಯೊಂದರ ಸೊತ್ತಾಗಿ ಉಳಿಯುವುದಿಲ್ಲ. ಅಣ್ಣನ ಮಗು ಆಡಿ ಬಿಟ್ಟದ್ದು ತಂಗಿಯ ಮನೆಗೆ, ಅಲ್ಲಿಂದ ಸೋದರತ್ತೆಯ ಮನೆಗೆ. ಹೆಸರಿಡುವ ದಿನ ನೆರೆಯವರೂ ಎರವಲು ಕೇಳಿ ಒಯ್ಯುತ್ತಾರೆ. ಅಜ್ಜ ಮಲಗಿದ ತೊಟ್ಟಿಲಲ್ಲಿ ಮೊಮ್ಮಗ ಮಲಗುವುದು ವಿಶೇಷವೇನಲ್ಲ. ಇಂಥ ವಸ್ತುವಿನ ಬೆಲೆಯನ್ನು ಕೊಂಡ ದಿನದ ಹಣದಿಂದ ಅಳೆಯದೆ, ಎಷ್ಟು ಮಕ್ಕಳು ಅದರಲ್ಲಿ ಮಲಗಿದರು ಎಂಬುದರಿಂದ ಅಳೆದರೆ ಅದು ಅಗ್ಗವೆಂದು ತೋರಬಹುದು. ಹತ್ತು ವರ್ಷಕ್ಕೆ ಉಬ್ಬಿ ಸಿಪ್ಪೆ ಏಳುವ ಒತ್ತುಹಲಗೆಯ ಕಪಾಟನ್ನು ಮೂರು ಸಲ ಕೊಳ್ಳುವವನು ತಾನು ಉಳಿತಾಯ ಮಾಡಿದೆನೆಂದು ತಿಳಿದಿರುತ್ತಾನೆ.

ಮರಕ್ಕಾಗಿ ಕಾಡು ಕಡಿಯಬೇಕಲ್ಲ ಎಂಬ ಮಾತೂ ಬರುತ್ತದೆ. ಒಂದು ಮರದಿಂದ ನೂರು ವರ್ಷ ಬಾಳುವ ಒಂದು ವಸ್ತು ಹುಟ್ಟುವುದಕ್ಕೂ, ಹತ್ತು ವರ್ಷಕ್ಕೆ ತಿಪ್ಪೆ ಸೇರುವ ವಸ್ತು ಹುಟ್ಟುವುದಕ್ಕೂ ವ್ಯತ್ಯಾಸವಿದೆಯೆಂದಷ್ಟೇ ಇದಕ್ಕೆ ಹೇಳಬಹುದು. ಕಿನ್ನಾಳದವರು ಬಳಸುವ ಹಗುರ ಮರವನ್ನು ನೆಟ್ಟು ಬೆಳೆಸುವುದು ಅಸಾಧ್ಯವಾದ ಕೆಲಸವೂ ಅಲ್ಲ.

ಇವೆರಡಕ್ಕಿಂತ ತೂಕವಾದ ಪ್ರಶ್ನೆ ಬೇರೊಂದಿದೆ; ಕಲಾಪ್ರೇಮಿಗಳು ಅದನ್ನು ಕೇಳಿಕೊಳ್ಳುವುದು ಅಪರೂಪ. ಚಿತ್ರಗಾರನ ಮಗ ಚಿತ್ರಗಾರನೇ ಆಗಬೇಕೆ? ಬಡಿಗನ ಮಗಳು ಎಂಜಿನಿಯರ್ ಆಗಬಾರದೆ? ಹುಟ್ಟಿನಿಂದ ಕಸುಬನ್ನು ಕಟ್ಟಿಹಾಕಿದ ಹಳೆಯ ವ್ಯವಸ್ಥೆಯಲ್ಲಿ ಕುಶಲತೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು ನಿಜ. ಅದರ ಜೊತೆಗೆ ಬಡತನವೂ ಇಳಿದು ಬಂದದ್ದು ಅಷ್ಟೇ ನಿಜ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳಿಗಾಗಿ ಕಾದು ನಿಂತವನ ಕೈಯಲ್ಲಿ ಎಂಥ ಕಲೆಯಿತ್ತು ಎಂದು ರಾಶಿಯ ಒಡೆಯ ಯಾವಾಗಲೂ ಯೋಚಿಸುತ್ತಿರಲಿಲ್ಲ. ೨೦೨೧ರ ಜನವರಿಯಲ್ಲಿ ಇದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು ೪೦೦ ಎಕರೆ ವಿಸ್ತಾರದ ಆಟಿಕೆ ಕೈಗಾರಿಕಾ ವಲಯಕ್ಕೆ ಅಡಿಗಲ್ಲು ಬಿತ್ತು. ತಿಂಗಳು ತಿಂಗಳು ತಪ್ಪದೆ ಬರುವ ಸಂಬಳಕ್ಕಾಗಿ ಕಿನ್ನಾಳದ ತರುಣನೊಬ್ಬ ಅಂಥ ಕಾರ್ಖಾನೆಯ ಕಡೆಗೆ ನಡೆದರೆ ಅವನನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಅವನ ಗೊಂಬೆಯನ್ನು ಹೊಗಳಿ, ಬೆಲೆ ಕೇಳಿ, ಕೊಳ್ಳದೆ ಹೋದವರಿಗಂತೂ ಖಂಡಿತ ಇಲ್ಲ.

ಹಾಗಾದರೆ ಕಸುಬು ಉಳಿಯಬೇಕಾದದ್ದು ಜಾತಿಯ ಬಲದಿಂದಲ್ಲ, ಕೆಲಸದ ಬಲದಿಂದ. ಕೈತುಂಬ ಕೆಲಸವಿದ್ದರೆ ಚಿತ್ರಗಾರನ ಮಗ ತಾನಾಗಿ ಉಳಿ ಹಿಡಿದಾನು; ಮಗಳೂ ಕುಂಚ ಹಿಡಿದಾಳು. ಬೇರೆ ಮನೆಯ ಮಕ್ಕಳಿಗೂ ಅದನ್ನು ಕಲಿಯುವ ಮನಸ್ಸಾದೀತು. ಆ ಕೆಲಸವನ್ನು ಕೊಡಬೇಕಾದವರು ಸರ್ಕಾರದವರಷ್ಟೇ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಈಗ ಮನೆ ಕಟ್ಟುತ್ತಿರುವವರು ಕಡಿಮೆಯೇನಿಲ್ಲ. ಮನೆಯ ಖರ್ಚಿನ ಪಟ್ಟಿಯಲ್ಲಿ ಹೊಳೆಯುವ ಹಾಸುಗಲ್ಲಿಗೆ, ಬಣ್ಣದ ದೀಪಗಳಿಗೆ ಜಾಗವಿದೆ. ಅದರಲ್ಲಿ ಒಂದು ಸಾಲನ್ನು ಕಿನ್ನಾಳದ ಕೈಗೆ ಬಿಟ್ಟುಕೊಟ್ಟರೆ, ದೇವರ ಕೋಣೆಯ ಬಾಗಿಲೊಂದನ್ನು, ಒಂದು ಜೊತೆ ಮಣೆಯನ್ನು, ಪಡಸಾಲೆಯ ಕಂಬಕ್ಕೆ ಒಂದು ಬೋದಿಗೆಯನ್ನು ಹೇಳಿ ಮಾಡಿಸಿದರೆ, ಮನೆ ಕಟ್ಟುವವನ ಲೆಕ್ಕಾಚಾರ ತಲೆಕೆಳಗಾಗುವುದಿಲ್ಲ. ಹೇಳಿ ಮಾಡಿಸುವವನು ಸ್ವಲ್ಪ ಕಾಯುವುದನ್ನೂ ಕಲಿಯಬೇಕು. ಕಿಟ್ಟ ಒಣಗುವ ತನಕ ಬಣ್ಣ ಹತ್ತುವುದಿಲ್ಲ.

ಈ ಸೀಮೆಯ ಹಳೆಯ ಮನೆಗಳಲ್ಲಿ ಪಡಸಾಲೆಯ ಜಂತಿಗೆ ಎರಡು ಕಬ್ಬಿಣದ ಕೊಂಡಿಗಳಿರುತ್ತಿದ್ದವು. ತೊಟ್ಟಿಲಿನ ಸರಪಳಿಯನ್ನು ಅವುಗಳಿಗೆ ಸಿಕ್ಕಿಸುತ್ತಿದ್ದರು. ಕೂಸಿಲ್ಲದ ವರ್ಷಗಳಲ್ಲಿ ಕೊಂಡಿಗಳು ಖಾಲಿಯಾಗಿ ಕಾದಿರುತ್ತಿದ್ದವು. ಹೊಸ ಮನೆಗೆ ತಾರಸಿ ಹಾಕುವ ದಿನ ಗೌಂಡಿ ಕೇಳುವುದು ಫ್ಯಾನಿನ ಕೊಂಡಿಗಳನ್ನು ಎಲ್ಲೆಲ್ಲಿ ಬಿಡಬೇಕೆಂದು ಮಾತ್ರ. ಕಾಂಕ್ರೀಟು ಬಿದ್ದ ಮೇಲೆ ಬೇಕೆಂದರೂ ಕೊಂಡಿ ಕೂರಿಸುವುದು ಕಷ್ಟ. ಅದನ್ನು ಬಲ್ಲ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ, ಸಿಮೆಂಟು ಕಲಸುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಬಂದು, ಹಾಸಿದ ಕಬ್ಬಿಣದ ಸರಳುಗಳ ಕಡೆಗೆ ಬೆರಳು ತೋರಿಸಿ ಹೇಳುತ್ತಾಳೆ: "ಪಡಸಾಲ್ಯಾಗ ತೊಟ್ಟಿಲಕ್ಕ ಎರಡು ಕೊಂಡಿ ಬಿಡಪ್ಪಾ, ಮರೀಬ್ಯಾಡ."